ಎಂಬತ್ತೈದರ ದೂರ

ಹಂಪನಕಟ್ಟೆಯ ಮಾಳಿಗೆಯಂಗಡಿಯಲ್ಲಿ ಮೊಯ್ದಿನಬ್ಬ
ಎರಡು ಲೆನ್ಸ್ ತೆಗೆದಿಟ್ಟರು ಮೇಜಿನ ಮೇಲೆ.
ಒಂದು ಮೂಲಂಗಿಯ ಹಾಗೆ, ಬಿಳಿ, ಉದ್ದ:
ಎಪ್ಪತ್ತರಿಂದ ಇನ್ನೂರು, ಕೊನೆತನಕ ಎರಡು ಪಾಯಿಂಟ್ ಎಂಟು.
ಇನ್ನೊಂದು ಕುಳ್ಳ, ಕಪ್ಪು, ಬೆಲ್ಲದಚ್ಚಿನಷ್ಟು:
ಎಂಬತ್ತೈದು, ಒಂದು ಪಾಯಿಂಟ್ ಎಂಟು.
ಮುಂದೆ ಹೋಗದು, ಹಿಂದೆ ಬಾರದು.

"ಉದ್ದದ್ದಕ್ಕೆ ಅರವತ್ತೆರಡು. ನಿಮಗಂತ ಐವತ್ತೆಂಟು,
ಪ್ರೆಸಿಲ್ಲಾ ಬಾಯಿ."
ನನ್ನ ಚೀಲದಲ್ಲಿ ಇಪ್ಪತ್ತಮೂರು ಸಾವಿರ.
ಚೀಟಿ ಎತ್ತಿದ್ದು ಹದಿನೈದು,
ಕಲ್ಯಾಣಪುರದ ಮದುವೆಯ ಬಾಕಿ ಎಂಟು.
ಇನ್ನೂ ನಾಲ್ಕು ಕೊಡಲಿಕ್ಕುಂಟು ಅವರು;
ಆಲ್ಬಮ್ಮೂ ನನ್ನ ಕಪಾಟಿನಲ್ಲೇ ಉಂಟು.

ಕ್ಯಾಮೆರಾದೊಟ್ಟಿಗೆ ಬಂದ ಲೆನ್ಸಿನ ಕತೆ ಕೇಳಬೇಡಿ.
ಹಗಲಲ್ಲಿ ಪಾಪದ್ದು. ಸಂಜೆ ಆರೂವರೆಗೆ ಕುರುಡು.
ಐಎಸ್‌ಓ ಏರಿಸಿದರೆ ಮದುಮಗಳ ಕೆನ್ನೆಗೆ
ಬಾಂಬೆ ರವೆ ಎರಚಿದ ಹಾಗೆ.
ಏರಿಸದಿದ್ದರೆ ಕಬಡ್ಡಿಯ ಹುಡುಗನಿಗೆ ಆರು ಕೈ.
ರೋಸಿನ ದಿನ ತೆಂಗಿನ ಹಾಲು ಹಾರಿ ಗಾಜಿಗೆ ಬಿದ್ದದ್ದನ್ನು
ಸೆರಗಿನಿಂದ ಒರೆಸಿದೆ.
ಒರೆಸಬಾರದಿತ್ತು.

ಉದ್ದದ್ದನ್ನು ಎತ್ತಿ ಕಿಟಕಿಯಾಚೆ ನೋಡಿದೆ.
ಸ್ಟೇಟ್ ಬ್ಯಾಂಕಿಗೆ ಹೊರಟ ಬಸ್ಸು, ಫುಟ್‌ಬೋರ್ಡಿನ ಕಂಡಕ್ಟರ್,
ಅವನ ಕಿವಿಯ ಹಿಂದೆ ನೀಲಿ ಮುಚ್ಚಳದ ಪೆನ್ನು.
ಅಷ್ಟು ಹತ್ತಿರ! ಬಾಯಿ ಒಣಗಿತು.
ಆಮೇಲೆ ಮೊಬೈಲಿನ ಟಾರ್ಚು ಹಾಕಿ ಒಳಗೆ ಇಣುಕಿದೆ.
ಮೂರನೇ ಗಾಜಿನ ಅಂಚಿಗೆ ಬೂಷ್ಟು,
ಜೇಡನ ಮರಿ ಹೊಲಿಗೆ ಕಲಿತಷ್ಟು.
"ನಮ್ಮ ಊರಿನ ಗಾಳಿ," ಅಂದರು ಮೊಯ್ದಿನಬ್ಬ, ಮುಚ್ಚಿಡದೆ,
"ಹಪ್ಪಳವನ್ನೇ ಬಿಡುವುದಿಲ್ಲ, ಗಾಜನ್ನು ಬಿಡ್ತದಾ?"

ಕುಳ್ಳನನ್ನು ಹತ್ತೊಂಬತ್ತೂವರೆಗೆ ತಂದೆ.
ಉಳಿದದ್ದರಲ್ಲಿ ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಪೊಟ್ಟಣ,
ಮತ್ತೆ, ಸುಳ್ಳು ಯಾಕೆ, ಒಂದು ಗಡ್‌ಬಡ್.

ಹೆಜಮಾಡಿಯಲ್ಲಿ ಶನಿವಾರ ರಾತ್ರಿ ವಾಲಿಬಾಲ್ ಫೈನಲ್.
ನಾಲ್ಕು ಕಂಬ, ಒಂದರ ದೀಪ ಕೆಟ್ಟದ್ದು.
ಪೇಪರಿನ ಹುಡುಗರು ಗ್ಯಾಲರಿಯಲ್ಲಿ ಬಂಗುಡೆ ಫ್ರೈ ತಿನ್ನುತ್ತಾ
ಉದ್ದುದ್ದ ಲೆನ್ಸು ತೊಡೆಯ ಮೇಲಿಟ್ಟು ಸ್ಮ್ಯಾಶಿಗೆ ಕಾಯುತ್ತಿದ್ದರು.
ನನಗೆ ಕಾಲೇ ಝೂಮು.
ನೆಟ್ಟಿನ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತೆ.
ಹಾರುವವನು ಹಾರಿದರೆ ತಲೆ ಫ್ರೇಮಿನ ಹೊರಗೆ,
ಅಂಗೈ ಹೊರಗೆ, ಚೆಂಡಂತೂ ಆಕಾಶದ ಪಾಲು.
ನನ್ನ ಪಾಲಿಗೆ ಸೊಂಟ, ಚಡ್ಡಿಯ ನಂಬರು, ಮೊಣಕಾಲಿನ ಪಟ್ಟಿ.
ಒಮ್ಮೆ ಚೆಂಡು ಭುಜಕ್ಕೇ ಬಡಿಯಿತು.
"ಅಕ್ಕ, ಸ್ವಲ್ಪ ಆಚೆ ಹೋಗಿ ಮಾರ್ರೆ,"
ಅಂದವನು ಲಿಫ್ಟರ್ ಲೋಲಾಕ್ಷ,
ಮಲ್ಪೆಯಲ್ಲಿ ಬೋಟುಗಳಿಗೆ ಐಸು ಹೊಡೆದು ತುಂಬುವವನು.
ಆಚೆ ಹೋದೆ, ಎರಡು ಹೆಜ್ಜೆ.

ಅಲ್ಲಿಂದ ನೋಡಿದರೆ
ಎಂಬತ್ತೈದರ ದೂರಕ್ಕೆ ಸರಿಯಾಗಿ ಇದ್ದವನು ಅವನೊಬ್ಬನೇ.
ನೆಲ ಬಿಡುವುದಿಲ್ಲ, ಕೂಗುವುದಿಲ್ಲ.
ಐಸಿಗೆ ಒಡೆದ ಬೆರಳುಗಳಿಗೆ ಬಿಳಿ ಟೇಪು.
ಸೆಕೆಂಡನ್ನು ಸಾವಿರ ಪಾಲು ಮಾಡಿ ಒಂದನ್ನು ತೆಗೆದೆ:
ಚೆಂಡು ಆಗಲೇ ಹೋಗಿಯಾಗಿದೆ,
ಹತ್ತೂ ಬೆರಳು ಬಿಡಿಸಿಕೊಂಡಿವೆ, ಬಿಸಿ ಪಾತ್ರೆ ಬಿಟ್ಟ ಹಾಗೆ,
ಕಣ್ಣು ಮಾತ್ರ ಚೆಂಡಿನ ಹಿಂದೆ ಹೋಗಿಲ್ಲ,
ಹಾರಲಿರುವವನ ಪಾದದ ಮೇಲೆ ಉಂಟು.
ಹಿಂದಿನ ಜನವೆಲ್ಲ ಕರಗಿ ಹಳದಿ, ಕೆಂಪು ಬೊಟ್ಟು.

ಸೋಮವಾರದ ಪೇಪರಿನಲ್ಲಿ ಸ್ಮ್ಯಾಶ್ ಬಂತು, ನನ್ನದಲ್ಲ.

ಗುರುವಾರ ಲೋಲಾಕ್ಷ ಸ್ಟುಡಿಯೋಗೆ ಬಂದ.
ಮೈಗೆ ಮೀನಿನ ವಾಸನೆಯೆಂದು ಹೊಸ್ತಿಲಲ್ಲೇ ನಿಂತ.
"ಹದಿನಾಲ್ಕು ವರ್ಷ ಆಯಿತು ಆಡ್ಲಿಕ್ಕೆ ಸುರು ಮಾಡಿ.
ಫೋಟೋದಲ್ಲೆಲ್ಲ ನನ್ನ ಒಂದು ಮೊಣಕೈ ಉಂಟು ಅಕ್ಕ,
ಬೇರೆಯವರ ಅಡಿಯಲ್ಲಿ."
ದೊಡ್ಡ ಪ್ರಿಂಟಿಗೆ ಇನ್ನೂರು ಅಂದೆ.
ನೂರೈವತ್ತಕ್ಕೆ ಇಳಿಸಿದ, ಬಿಡಲಿಲ್ಲ.

ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.
"ಚೆಂಡು ಎಲ್ಲಿ?"
ಮೇಲೆ ಹೋಗಿದೆ, ಅಂದೆ,
ಈ ಲೆನ್ಸಿಗೆ ಅಷ್ಟೇ ಹಿಡಿಯುವುದು.
"ಹಾಂ," ಅಂದ, ಟೇಪಿನ ಬೆರಳು ಫೋಟೋದ ಮೇಲಂಚಿನಾಚೆ,
ಗಾಳಿಯಲ್ಲಿ ಒಂದು ಜಾಗಕ್ಕೆ ಇಟ್ಟು,
"ಇಲ್ಲಿ. ಸರಿಯಾಗಿ ಹೋಗಿತ್ತು ಅದು."